ಕಳ್ಳನ ಮೋಡಿ, ತಳಾರನ ಛಲ

(ಇಬ್ರಾಹಿಂಪಟ್ನಂನಲ್ಲಿ ಸೇರಿದ್ದ ಹೊರನಾಡ ಕನ್ನಡಿಗರ ಕೂಟದಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ಆಲಮಟ್ಟಿ, ನಾರಾಯಣಪುರಗಳನ್ನು ದಾಟಿ ಬಂದ ನಮ್ಮ ನಾಡಿನ ನೀರು ವಿಜಯವಾಡದ ಪ್ರಕಾಶಂ ಬ್ಯಾರೇಜಿಗೆ ತಲುಪುವ ಮುನ್ನ ಹಾದುಹೋಗುವ ಊರು ಈ ಇಬ್ರಾಹಿಂಪಟ್ನಂ. ಕಾಲುವೆಯಲ್ಲಿ ಹರಿದು ಬರುವ ಗೋದಾವರಿಯ ನೀರೂ ಇಲ್ಲಿಯೇ ಕೃಷ್ಣೆಯನ್ನು ಸೇರುತ್ತದೆ. ಒಂದು ಕಡೆ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಚಿಮಣಿಗಳು, ಇನ್ನೊಂದು ಕಡೆ ಕೃಷ್ಣದೇವರಾಯನು ಗಜಪತಿಗಳಿಂದ ಗೆದ್ದುಕೊಂಡ ಕೊಂಡಪಲ್ಲಿಯ ಕೋಟೆ. ಇಂಥ ಕಡೆ ನಾನು ಕಳ್ಳರ ಮಾತನ್ನು ಎತ್ತುತ್ತಿರುವುದು ನಿಮಗೆ ವಿಚಿತ್ರವಾಗಿ ತೋರಬಹುದು. ಸಂಘದವರು ನನಗೆ ಕೊಟ್ಟ ವಿಷಯ ‘ಮೋಸಗಾರ ಮತ್ತು ಅವನ ಬೆನ್ನು ಹತ್ತಿದ ಪತ್ತೇದಾರ’. ಮೊದಲು ಇದು ಸಿನಿಮಾದವರ ವಿಷಯವೆಂದು ನನಗನ್ನಿಸಿತು. ಯೋಚಿಸುತ್ತ ಹೋದಂತೆ, ಇದು ಹೊರನಾಡಿನಲ್ಲಿ ಬಾಳುವವರಿಗೆ ಮಿಕ್ಕೆಲ್ಲರಿಗಿಂತ ಹತ್ತಿರದ ವಿಷಯವೆಂದು ಮನಗಂಡೆನು. ಹುಟ್ಟಿದ ಊರಿನಲ್ಲಿ ಒಬ್ಬನ ಅಜ್ಜ ಯಾರು, ಅವನ ಮನೆತನ ಎಂಥದು ಎಂದು ಹತ್ತು ಜನ ಹೇಳುತ್ತಾರೆ. ಪರಸ್ಥಳದಲ್ಲಿ ಮನುಷ್ಯನು ತಾನು ಯಾರೆಂದು ತಾನೇ ಹೇಳಿಕೊಳ್ಳಬೇಕು, ಕೇಳುವವರು ನಂಬಬೇಕು. ಈ ನಂಬಿಕೆಯ ಮೇಲೆಯೇ ನಮ್ಮ ಬದುಕು ನಿಂತಿದೆ. ಮೋಸಗಾರನು ಕನ್ನ ಕೊರೆಯುವುದೂ ಅದೇ ಗೋಡೆಗೆ.

ಇಂದಿನ ವಿಷಯಕ್ಕೆ ನಾವು ಪಶ್ಚಿಮದ ಕಡೆ ನೋಡಬೇಕಾಗಿಲ್ಲ. ಕನ್ನಡದ ಅತ್ಯಂತ ಹಳೆಯ ಗದ್ಯಕೃತಿಗಳಲ್ಲಿ ಒಂದಾದ ‘ವಡ್ಡಾರಾಧನೆ’ಯ ಹತ್ತೊಂಬತ್ತು ಕಥೆಗಳಲ್ಲಿ ವಿದ್ಯುಚ್ಚೋರನ ಕಥೆಯೂ ಒಂದು. ಸಾವಿರ ವರ್ಷದ ಹಿಂದೆಯೇ ನಮ್ಮ ಗದ್ಯವು ಕಳ್ಳನನ್ನೂ ತಳಾರನನ್ನೂ ಎದುರುಬದುರು ನಿಲ್ಲಿಸಿ ಕಥೆ ಹೇಳಿದೆ. ತಳಾರನೆಂದರೆ ಪಟ್ಟಣದ ಕಾವಲಿನ ಅಧಿಕಾರಿ. ಆ ಪದವೇ ಇಂದು ನಮ್ಮ ಹಳ್ಳಿಗಳ ತಳವಾರ. ನೀವು ದಿನವೂ ಕೇಳುವ ತೆಲುಗಿನ ತಲಾರಿಯೂ ಅದೇ ಕುಲದ ಮಾತು.

ಕಥೆಯ ಸಾರಾಂಶ ಇಷ್ಟು. ಮಿಥಿಲೆಯ ಅರಸನಿಗೆ ಯಮದಂಡನೆಂಬ ತಳಾರ. ಅದೇ ಊರಿನಲ್ಲಿ ವಿದ್ಯುಚ್ಚೋರನೆಂಬ ಕಳ್ಳ. ಈತ ಹಗಲು ಕುಷ್ಠರೋಗಿಯ ವೇಷದಲ್ಲಿ ಹಾಳು ಗುಡಿಯಲ್ಲಿ ಬಿದ್ದಿರುವವನು, ಇರುಳು ಚೆಲುವನಾಗಿ ಭೋಗದಲ್ಲಿ ಮೆರೆಯುವವನು. ಒಂದು ದಿನ ಅರಸನ ಹಾರವೇ ಮಾಯವಾಗುತ್ತದೆ. ಗಡುವಿನೊಳಗೆ ಕಳ್ಳನನ್ನು ತರದಿದ್ದರೆ ಕಳ್ಳನಿಗೆ ಆಗಬೇಕಾದ ಶಿಕ್ಷೆ ತಳಾರನಿಗೇ ಎಂದು ಅರಸನು ವಿಧಿಸುತ್ತಾನೆ. ಯಮದಂಡನು ಹುಡುಕಿ ಹುಡುಕಿ ಆ ಕುಷ್ಠರೋಗಿಯನ್ನೇ ಹಿಡಿದು ತರುತ್ತಾನೆ. ಬಗೆಬಗೆಯ ದಂಡನೆಗಳಿಗೂ ಆತ ಬಾಯಿ ಬಿಡುವುದಿಲ್ಲ. ಕೊನೆಗೆ ತಳಾರನ ತಲೆಯೇ ಹೋಗುವ ಹೊತ್ತು ಬಂದಾಗ, ಅರಸನಿಂದ ಅಭಯ ಪಡೆದು, ಕಳ್ಳ ನಾನೇ, ತಳಾರನು ಹೇಳಿದ್ದು ದಿಟವೆಂದು ಒಪ್ಪಿಕೊಳ್ಳುತ್ತಾನೆ. ಆಗ ತಿಳಿದುಬರುವ ಸಂಗತಿಯೇ ಕಥೆಯ ತಿರುಳು: ಇಬ್ಬರೂ ದಕ್ಷಿಣದ ವೇಣಾತಟವೆಂಬ ಊರಿನವರು, ಒಬ್ಬ ಅರಸನ ಮಗ, ಇನ್ನೊಬ್ಬ ತಳಾರನ ಮಗ, ಬಾಲ್ಯದ ಗೆಳೆಯರು. ಒಬ್ಬ ಚೋರವಿದ್ಯೆಯನ್ನು ಕಲಿತ, ಇನ್ನೊಬ್ಬ ಚೋರರನ್ನು ಹಿಡಿಯುವ ವಿದ್ಯೆಯನ್ನು ಕಲಿತ. ನೀನು ಕಾಯುವ ಕಡೆಯಲ್ಲಿಯೇ ಕದಿಯುವೆನೆಂದು ಒಬ್ಬನ ಪಂಥ, ನಿನ್ನನ್ನು ಹಿಡಿದು ದಂಡಿಸುವೆನೆಂದು ಇನ್ನೊಬ್ಬನದು. ಆ ಪಂಥಕ್ಕೆ ಅಂಜಿ ಊರು ಬಿಟ್ಟು ಹೋದ ಗೆಳೆಯನನ್ನು ಅರಸಿಕೊಂಡೇ ವಿದ್ಯುಚ್ಚೋರ ಮಿಥಿಲೆಗೆ ಬಂದದ್ದು.

ಈ ಕಥೆ ವೈರಾಗ್ಯದ ಕಡೆಗೆ ಸಾಗುವ ಜೈನ ಕಥೆ. ಅದರ ಧಾರ್ಮಿಕ ಪ್ರಯೋಜನ ಬೇರೆ. ನಮಗೆ ಇಂದು ಬೇಕಾದವು ಅದರೊಳಗಿನ ಎರಡು ಲೌಕಿಕ ಸತ್ಯಗಳು. ಮೊದಲನೆಯದು, ಕಳ್ಳನೂ ತಳಾರನೂ ಒಂದೇ ವಿದ್ಯೆಯ ಎರಡು ಶಾಖೆಗಳನ್ನು ಓದಿದವರು. ಬೀಗದ ಗುಟ್ಟು ಇಬ್ಬರಿಗೂ ಗೊತ್ತು. ಎರಡನೆಯದು, ಕಳ್ಳನಿಗಿಂತ ಹೆಚ್ಚಿನ ಅಪಾಯದಲ್ಲಿರುವವನು ತಳಾರನೇ. ಅವನು ಸತ್ಯವನ್ನು ಕಂಡರೆ ಸಾಲದು, ಅದನ್ನು ಸಭೆಯ ಮುಂದೆ ಸ್ಥಾಪಿಸಬೇಕು. ಸ್ಥಾಪಿಸಲಾರದೆ ಹೋದರೆ ಅವನೇ ಅಪರಾಧಿ. ಈ ಎರಡು ಮಾತುಗಳನ್ನು ನೆನಪಿನಲ್ಲಿಟ್ಟುಕೊಂಡು ನಮ್ಮ ಕಾಲಕ್ಕೆ ಬರೋಣ.

ಬೆಳಗಾವಿ ಜಿಲ್ಲೆಯ ಖಾನಾಪುರ ಲೋಂಡಾ-ಬೆಳಗಾವಿ ರೈಲುದಾರಿಯ ಮೇಲಿನ ಊರು. ಕನ್ನಡ, ಮರಾಠಿ, ಕೊಂಕಣಿ, ಉರ್ದು ಬೆರೆತ ಗಡಿಸೀಮೆ. ಅಲ್ಲಿ 1961ರಲ್ಲಿ ರೈಲ್ವೆ ನೌಕರನೊಬ್ಬನ ಮಗನಾಗಿ ಅಬ್ದುಲ್ ಕರೀಂ ತೆಲಗಿ ಹುಟ್ಟಿದ. ಎಳವೆಯಲ್ಲಿಯೇ ತಂದೆ ತೀರಿಹೋದರು. ಹುಡುಗ ರೈಲಿನಲ್ಲಿ ಶೇಂಗಾ, ಹಣ್ಣು ಮಾರಿ ಓದಿದ. ಓಡುವ ಗಾಡಿಯಲ್ಲಿ ಮಾರುವ ಹುಡುಗನಿಗೆ ಸಿಗುವ ಸಮಯ ಬಹಳ ಕಡಿಮೆ. ಎರಡು ನಿಲ್ದಾಣಗಳ ನಡುವೆ ಗುರುತಿಲ್ಲದ ಮನುಷ್ಯನ ಮುಖ ನೋಡಿ, ಅವನ ಭಾಷೆ ಹಿಡಿದು, ಮಾತಿನಿಂದ ಗೆದ್ದುಕೊಳ್ಳಬೇಕು. ಇದನ್ನು ಕಲಿತವರಲ್ಲಿ ಸಾವಿರಾರು ಜನ ಪ್ರಾಮಾಣಿಕ ವ್ಯಾಪಾರಿಗಳಾಗಿದ್ದಾರೆ. ಬಡತನವೇ ಅವನನ್ನು ಕಳ್ಳನನ್ನಾಗಿ ಮಾಡಿತೆಂದು ಹೇಳುವುದು ಆ ಸಾವಿರಾರು ಜನರಿಗೆ ಮಾಡುವ ಅಪಚಾರ.

ಸೌದಿ ಅರೇಬಿಯಾದಲ್ಲಿ ಕೆಲವು ವರ್ಷ ದುಡಿದು ಮುಂಬಯಿಗೆ ಮರಳಿದ ತೆಲಗಿ, ಕೊಲ್ಲಿ ದೇಶಗಳಿಗೆ ಕೆಲಸಗಾರರನ್ನು ಕಳಿಸುವ ಸಂಸ್ಥೆ ತೆರೆದ. ಸುಳ್ಳು ಕಾಗದಪತ್ರಗಳ ಆಪಾದನೆಯ ಮೇಲೆ ಸೆರೆಮನೆ ಸೇರಿದ. ಛಾಪಾ ಕಾಗದದ ವ್ಯವಹಾರ ಬಲ್ಲವನ ಪರಿಚಯವಾದದ್ದು ಸೆರೆಮನೆಯಲ್ಲಿಯೇ. 1994ರಲ್ಲಿ ಅವನು ಛಾಪಾ ಕಾಗದ ಮಾರುವ ಪರವಾನಗಿಯನ್ನೇ ಪಡೆದುಕೊಂಡ. ಮುಂದೆ ನಾಸಿಕದ ಸರಕಾರಿ ಮುದ್ರಣಾಲಯದಲ್ಲಿ ಹಳೆಯದೆಂದು ವಿಲೇವಾರಿಗೆ ಬಂದ ಯಂತ್ರಗಳು ಅವನ ಕೈಸೇರಿದವು. ಸರಕಾರವು ಯಾವ ಯಂತ್ರದಲ್ಲಿ ಮುದ್ರಿಸಿತ್ತೋ ಅದೇ ಬಗೆಯ ಯಂತ್ರದಲ್ಲಿ ಅವನೂ ಮುದ್ರಿಸಿದನೆಂದರೆ, ಅಸಲು ಯಾವುದು ನಕಲು ಯಾವುದು ಎಂದು ಹೇಳಬಲ್ಲವರು ಯಾರು?

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಛಾಪಾ ಕಾಗದವೆಂದರೆ ಬರಿಯ ಕಾಗದವಲ್ಲ. ಅದು ಸರಕಾರಕ್ಕೆ ಮುಂಚಿತವಾಗಿ ಕಟ್ಟಿದ ತೆರಿಗೆಯ ರಸೀದಿ. ಮನೆ ಕೊಂಡವನು, ಸಾಲ ಪಡೆದವನು, ಬಾಡಿಗೆಗೆ ಕೊಟ್ಟವನು ತನ್ನ ಮಾತಿಗೆ ಸರಕಾರದ ಸಾಕ್ಷಿಯನ್ನು ಹಣ ಕೊಟ್ಟು ಪಡೆಯುವ ಬಗೆ ಅದು. 1899ರ ಭಾರತೀಯ ಮುದ್ರಾಂಕ ಕಾಯಿದೆಯ ಪ್ರಕಾರ ಸರಿಯಾದ ಸುಂಕ ತೆತ್ತಿರದ ದಸ್ತಾವೇಜನ್ನು ಕೋರ್ಟು ಸಾಕ್ಷ್ಯವಾಗಿ ಒಪ್ಪದು. ಕೊರತೆಯ ಸುಂಕವನ್ನೂ ದಂಡವನ್ನೂ ಕಟ್ಟಿದ ಮೇಲಷ್ಟೇ ಒಪ್ಪುವುದು. ಹೀಗಿರುವಾಗ ಖೋಟಾ ಕಾಗದವನ್ನು ಕೊಂಡವನು ಎರಡು ಸಲ ಮೋಸಹೋದಂತೆ. ಅವನ ಹಣವೂ ಹೋಯಿತು, ಅವನ ಮಾತಿನ ಬೆಲೆಯೂ ಹೋಯಿತು.

ತೆಲಗಿಯ ಚಾತುರ್ಯವೆಲ್ಲ ಮುದ್ರಣದಲ್ಲಿ ಇತ್ತೆಂದು ತಿಳಿಯುವುದು ತಪ್ಪು. ಅವನು ಅರಿತದ್ದು ಅಭಾವದ ಅರ್ಥಶಾಸ್ತ್ರ. ಅಧಿಕೃತ ಕಾಗದ ಸಿಗದೆ ಜನ ಸಾಲುಗಟ್ಟಿ ಕಾಯುತ್ತಿದ್ದಾಗ, ಬೇಕಾದಷ್ಟು ಬೇಕಾದಾಗ ತಂದುಕೊಡುವ ನಯವಾದ ಮಾತಿನ ಪ್ರತಿನಿಧಿಗಳನ್ನು ಅವನು ಬ್ಯಾಂಕುಗಳಿಗೂ ವಿಮಾ ಸಂಸ್ಥೆಗಳಿಗೂ ಷೇರು ದಲ್ಲಾಳಿಗಳಿಗೂ ಕಳಿಸಿದ. ಆ ಅಭಾವವನ್ನು ಹುಟ್ಟಿಸುವುದಕ್ಕೂ ಅವನ ಲಂಚ ಕೆಲಸ ಮಾಡಿತು. ಅವನ ಜಾಲ ಹಲವು ರಾಜ್ಯಗಳಿಗೆ ಹಬ್ಬಿತು. ಮೂವತ್ತು ಸಾವಿರ ಕೋಟಿ ರೂಪಾಯಿಗಳೆಂಬ ಅಂದಾಜಿನ ಸಂಖ್ಯೆ ಪತ್ರಿಕೆಗಳಲ್ಲಿ ಓಡಾಡಿತು. ಸಂಖ್ಯೆ ದೊಡ್ಡದಾದಷ್ಟೂ ಜನರ ಬೆರಗು ಹೆಚ್ಚುತ್ತದೆ. ಬೆರಗು ಹೆಚ್ಚಿದಷ್ಟೂ ಅಪರಾಧಿಯ ಸುತ್ತ ಒಂದು ಪ್ರಭಾವಳಿ ಮೂಡುತ್ತದೆ.

ಈಗ ತಳಾರನ ಕಡೆಗೆ ಬರೋಣ. 2000ದಲ್ಲಿ ಬೆಂಗಳೂರಿನಲ್ಲಿ ಖೋಟಾ ಛಾಪಾ ಕಾಗದದೊಡನೆ ಕೆಲವರು ಸಿಕ್ಕಿಬಿದ್ದಾಗ ಕರ್ನಾಟಕದ ಪೊಲೀಸರು ಎಳೆ ಹಿಡಿದು ಮೇಲೆ ಹತ್ತತೊಡಗಿದರು. 2001ರ ನವೆಂಬರಿನಲ್ಲಿ ಅಜ್ಮೇರಿನಲ್ಲಿ ತೆಲಗಿ ಸೆರೆಯಾದ. ಕರ್ನಾಟಕವು ಇದಕ್ಕೆಂದೇ ರಚಿಸಿದ ‘ಸ್ಟಾಂಪಿಟ್’ ಎಂಬ ತನಿಖಾ ದಳವನ್ನು ಆರ್. ಶ್ರೀಕುಮಾರ್ ಮುನ್ನಡೆಸಿದರು. ಮಹಾರಾಷ್ಟ್ರದಲ್ಲಿ ಅಣ್ಣಾ ಹಜಾರೆಯವರು ಹೈಕೋರ್ಟಿನ ಮೊರೆಹೋದ ಮೇಲೆ ಎಸ್. ಎಸ್. ಪುರಿಯವರ ನೇತೃತ್ವದ ವಿಶೇಷ ತನಿಖಾ ದಳದ ಕೆಲಸ ಚುರುಕುಗೊಂಡಿತು. 2004ರಲ್ಲಿ ಸುಪ್ರೀಂ ಕೋರ್ಟು ಪ್ರಕರಣಗಳನ್ನು ಸಿ.ಬಿ.ಐ.ಗೆ ಒಪ್ಪಿಸಿತು. 2007ರಲ್ಲಿ ಪುಣೆಯ ವಿಶೇಷ ನ್ಯಾಯಾಲಯವು ತೆಲಗಿಗೆ 13 ವರ್ಷಗಳ ಕಠಿಣ ಶಿಕ್ಷೆಯನ್ನೂ 202 ಕೋಟಿ ರೂಪಾಯಿ ದಂಡವನ್ನೂ ವಿಧಿಸಿತು. ಇತರ ಪ್ರಕರಣಗಳಲ್ಲಿಯೂ ಅವನಿಗೆ ಶಿಕ್ಷೆಗಳಾದವು. 2017ರ ಅಕ್ಟೋಬರಿನಲ್ಲಿ, ಸೆರೆವಾಸದಲ್ಲಿದ್ದಾಗಲೇ, ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಅವನು ತೀರಿಕೊಂಡ.

ಇಷ್ಟರಲ್ಲಿ ‘ವಡ್ಡಾರಾಧನೆ’ಯ ಮೊದಲ ಸತ್ಯ ನಿಮಗೆ ಕಂಡಿರಬೇಕು. ತನಿಖೆ ಮೇಲೆ ಹತ್ತಿದಂತೆ ತನಿಖೆಗಾರರ ಮನೆಯಲ್ಲಿಯೇ ಹೊಗೆ ಕಾಣಿಸಿಕೊಂಡಿತು. ಪೊಲೀಸ್ ಅಧಿಕಾರಿಗಳೇ ಆರೋಪಿಗಳಾಗಿ ಸೆರೆ ಸೇರಿದರು. ಅವರಲ್ಲಿ ಕೆಲವರು ಮುಂದೆ ನ್ಯಾಯಾಲಯದಲ್ಲಿ ದೋಷಮುಕ್ತರಾದರೆಂಬುದನ್ನೂ ಹೇಳದಿದ್ದರೆ ಅನ್ಯಾಯವಾದೀತು. ಎರಡನೆಯ ಸತ್ಯವೂ ಇಲ್ಲಿಯೇ ಇದೆ. ಕಾವಲಿನವರ ಮೇಲೆಯೇ ಸಂಶಯ ಬಿದ್ದಾಗ, ಪ್ರಾಮಾಣಿಕನಾದ ತನಿಖೆಗಾರನು ಕಳ್ಳನನ್ನು ಹಿಡಿಯುವುದರ ಜೊತೆಗೆ ತನ್ನನ್ನೂ ಕಾಪಾಡಿಕೊಳ್ಳಬೇಕು. ಯಮದಂಡನ ಕೊರಳ ಮೇಲೆ ತೂಗಿದ ಕತ್ತಿ ಬರಿಯ ಕಥೆಯ ಅಲಂಕಾರವಲ್ಲ.

ಹೀಗಿದ್ದರೂ ಜನಮನದಲ್ಲಿ ಉಳಿದ ಹೆಸರು ಯಾವುದು? ತೆಲಗಿಯ ಹೆಸರು. ಅವನ ಬಗ್ಗೆ ಪುಸ್ತಕ ಬಂದಿತು, 2023ರಲ್ಲಿ ಧಾರಾವಾಹಿಯೂ ಬಂದಿತು. ಛಾಪಾ ಕಾಗದದ ಹಾಳೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದ ಪ್ರಯೋಗಾಲಯದವರ, ಬ್ಯಾಂಕಿನ ಲೆಕ್ಕದ ಸಾಲುಗಳನ್ನು ತಾಳೆ ಹಾಕಿದ ಸಬ್‌ಇನ್ಸ್‌ಪೆಕ್ಟರರ ಹೆಸರು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಇದು ನಮ್ಮ ನಾಡಿನ ದೋಷವಷ್ಟೇ ಅಲ್ಲ. ಚಾರ್ಲ್ಸ್ ಶೋಭರಾಜನನ್ನು ತೆಗೆದುಕೊಳ್ಳಿ. ಪ್ರವಾಸಿಗಳನ್ನು ಸ್ನೇಹದಿಂದ ಒಲಿಸಿಕೊಂಡು, ಔಷಧಿ ಕುಡಿಸಿ, ದೋಚಿ, ಕೊಂದ ಮನುಷ್ಯನನ್ನು ಜಗತ್ತಿನ ಪತ್ರಿಕೆಗಳು ಚೆಲುವನೆಂದೇ ವರ್ಣಿಸಿದವು. 1976ರಲ್ಲಿ ಬ್ಯಾಂಕಾಕಿನ ಡಚ್ ರಾಯಭಾರ ಕಚೇರಿಯಲ್ಲಿ ಕಿರಿಯ ಅಧಿಕಾರಿಯಾಗಿದ್ದ ಹರ್ಮನ್ ನಿಪ್ಪೆನ್‌ಬರ್ಗ್, ಕಾಣೆಯಾದ ತನ್ನ ದೇಶದ ಇಬ್ಬರು ಯುವಜನರ ಜಾಡು ಹಿಡಿದು ಕಡತ ಕಟ್ಟಿದ. ಪೊಲೀಸನಲ್ಲದ ಅವನಿಗೆ ಅದು ಕರ್ತವ್ಯವಾಗಿರಲಿಲ್ಲ. ಆದರೂ ಆ ಕಡತವನ್ನು ದಶಕಗಳ ಕಾಲ ಬಿಡಲಿಲ್ಲ. ನಮ್ಮ ನೆರೆಯ ಗೋವೆಯ ಪೊರ್ವರಿಮ್‌ನ ಹೋಟೆಲೊಂದರಲ್ಲಿ 1986ರ ಏಪ್ರಿಲಿನಲ್ಲಿ ಶೋಭರಾಜನನ್ನು ಹಿಡಿದವರು ಮುಂಬಯಿಯ ಇನ್ಸ್‌ಪೆಕ್ಟರ್ ಮಧುಕರ ಝೇಂಡೆ. 1971ರಲ್ಲಿ ಇದೇ ಮನುಷ್ಯನನ್ನು ಇದೇ ಅಧಿಕಾರಿ ಒಮ್ಮೆ ಹಿಡಿದಿದ್ದರು. ಅವರು ನೆಚ್ಚಿಕೊಂಡದ್ದು ಸಾಹಸವನ್ನಲ್ಲ, ತಾಳ್ಮೆಯನ್ನೂ ನೆನಪನ್ನೂ.

ಇನ್ನೊಂದು ನಿದರ್ಶನ ಅಮೆರಿಕೆಯದು. ಫ್ರ್ಯಾಂಕ್ ಅಬಗ್ನೇಲ್ ಎಂಬವನು ಹದಿಹರೆಯದಲ್ಲಿಯೇ ವಿಮಾನಚಾಲಕನಾಗಿ, ವೈದ್ಯನಾಗಿ, ವಕೀಲನಾಗಿ ನಟಿಸಿ ಲೋಕವನ್ನು ಮೋಸಗೊಳಿಸಿದೆನೆಂದು 1980ರಲ್ಲಿ ಪುಸ್ತಕ ಬರೆಸಿದ. 2002ರಲ್ಲಿ ಸ್ಟೀವನ್ ಸ್ಪೀಲ್‌ಬರ್ಗ್ ಅದನ್ನು ಚಲನಚಿತ್ರ ಮಾಡಿದ. ಆ ಸಾಹಸಗಳು ನಡೆದವೆನ್ನಲಾದ ವರ್ಷಗಳ ಬಹುಭಾಗವನ್ನು ಅವನು ನ್ಯೂಯಾರ್ಕ್ ರಾಜ್ಯದ ಸೆರೆಮನೆಯಲ್ಲಿ ಕಳೆದಿದ್ದನೆಂದು ಸಾರ್ವಜನಿಕ ದಾಖಲೆಗಳನ್ನು ಜಾಲಾಡಿದ ಅಲನ್ ಲೋಗನ್ ಎಂಬ ಬರಹಗಾರ 2020ರಲ್ಲಿ ತೋರಿಸಿಕೊಟ್ಟ. ಹಾಗಾದರೆ ಮೋಸಹೋದವರು ಯಾರು? ಟಿಕೆಟು ಕೊಂಡು ಚಪ್ಪಾಳೆ ತಟ್ಟಿದ ನಾವು. ಕಳ್ಳನ ಕಥೆಯನ್ನು ರಮ್ಯವಾಗಿ ಕೇಳುವ ನಮ್ಮ ಆಸೆಯೇ ಕಳ್ಳನಿಗೆ ಒದಗಿದ ಬಂಡವಾಳವಾಯಿತು.

ಇಲ್ಲಿಂದ ಎರಡು ಹರದಾರಿಯೂ ದೂರವಿಲ್ಲದ ಕೊಂಡಪಲ್ಲಿಯಲ್ಲಿ ಹಗುರವಾದ ಪೊಣಿಕಿ ಮರವನ್ನು ಕೆತ್ತಿ, ಬಣ್ಣ ಬಳಿದು ಬೊಂಬೆ ಮಾಡುತ್ತಾರೆ. ಮರವು ಅಂಬಾರಿಯ ಆನೆಯಾಗುತ್ತದೆ, ಮೊಸರು ಕಡೆಯುವ ಹೆಂಗಸಾಗುತ್ತದೆ. ಆದರೆ ಆ ಕುಶಲಕರ್ಮಿಯು ಇದು ಆನೆಯೆಂದು ಹೇಳಿ ಯಾರಿಗೂ ಆನೆಯ ಬೆಲೆಗೆ ಮಾರುವುದಿಲ್ಲ. ಕಲೆಯ ಸುಳ್ಳು ತಾನು ಸುಳ್ಳೆಂಬುದನ್ನು ಬಚ್ಚಿಡದು. ವಂಚಕನನ್ನು ಕಲಾವಿದನೆಂದು ಕರೆಯುವ ಇಂದಿನ ಚಾಳಿಯನ್ನು ಕಂಡಾಗ ಈ ವ್ಯತ್ಯಾಸ ನಮಗೆ ನೆನಪಾಗಬೇಕು.

ಬಂಧುಗಳೇ, ತೆಲಗಿಯ ಕಾಲ ಮುಗಿಯಿತು. ಛಾಪಾ ಕಾಗದದ ಜಾಗಕ್ಕೆ ಬಹುಪಾಲು ಇ-ಸ್ಟಾಂಪ್ ಬಂದಿದೆ. ಅದರ ಮೇಲಿನ ಸಂಖ್ಯೆಯನ್ನು ಯಾರು ಬೇಕಾದರೂ ತಾಳೆ ನೋಡಬಹುದು. ಆದರೆ ಕಳ್ಳನು ಸುಮ್ಮನಿರುವವನೇ? ಈಗ ಅವನು ಹಾಕಿರುವ ವೇಷವನ್ನು ವಿದ್ಯುಚ್ಚೋರನೂ ಊಹಿಸಿರಲಾರ. ಅವನು ತಳಾರನ ವೇಷವನ್ನೇ ತೊಟ್ಟಿದ್ದಾನೆ. ‘ಡಿಜಿಟಲ್ ಅರೆಸ್ಟ್’ ಎಂಬ ಹೆಸರಿನ ಮೋಸವನ್ನು ನೀವೆಲ್ಲ ಕೇಳಿದ್ದೀರಿ. ನಿಮ್ಮ ಹೆಸರಿನ ಪಾರ್ಸೆಲಿನಲ್ಲಿ ಮಾದಕವಸ್ತು ಸಿಕ್ಕಿದೆ, ನಾವು ಸಿ.ಬಿ.ಐ.ಯವರು, ಕಸ್ಟಮ್ಸ್‌ನವರು, ಕ್ಯಾಮೆರಾದ ಮುಂದಿನಿಂದ ಏಳಬೇಡಿ, ಯಾರಿಗೂ ಹೇಳಬೇಡಿ, ಪರಿಶೀಲನೆಗೆಂದು ಹಣ ವರ್ಗಾಯಿಸಿ ಎಂದು ಸಮವಸ್ತ್ರ ತೊಟ್ಟ ಮನುಷ್ಯ ಪರದೆಯ ಮೇಲೆ ಗದರಿಸುತ್ತಾನೆ. 2024ರ ಅಕ್ಟೋಬರಿನಲ್ಲಿ ಪ್ರಧಾನಮಂತ್ರಿಗಳು ತಮ್ಮ ಬಾನುಲಿ ಭಾಷಣದಲ್ಲಿಯೇ ಇದರ ಬಗ್ಗೆ ಎಚ್ಚರಿಸಬೇಕಾಯಿತು. 2025ರಲ್ಲಿ, ತನ್ನದೇ ಹೆಸರಿನ ನಕಲಿ ಆದೇಶವನ್ನು ತೋರಿಸಿ ಅಂಬಾಲಾದ ವೃದ್ಧ ದಂಪತಿಗಳನ್ನು ದೋಚಿದ್ದನ್ನು ಕಂಡು ಸುಪ್ರೀಂ ಕೋರ್ಟು ವಿಷಯವನ್ನು ತಾನಾಗಿಯೇ ಕೈಗೆತ್ತಿಕೊಂಡಿತು. ನಮ್ಮ ಯಾವ ಕಾನೂನಿನಲ್ಲಿಯೂ ಫೋನಿನ ಮೂಲಕ ಬಂಧಿಸುವ ಕ್ರಮವಿಲ್ಲ. ಇಷ್ಟನ್ನು ನಮ್ಮ ಪ್ರತಿಯೊಂದು ಮನೆಯ ಹಿರಿಯರೂ ತಿಳಿದಿರಬೇಕು.

ಹೊರನಾಡಿನವರಿಗೆ ಇನ್ನೊಂದು ಅಪಾಯವಿದೆ. ನಮ್ಮನ್ನು ಗದರಿಸಿ ದೋಚುವವನಿಗಿಂತ ಒಲಿಸಿ ದೋಚುವವನು ಹೆಚ್ಚು ಹತ್ತಿರ ಬರಬಲ್ಲ. ಅವನಿಗೆ ಬೇಕಾದ ವೇಷ ಒಂದೇ: ನಮ್ಮ ಭಾಷೆ. ‘ಅಣ್ಣಾ, ನಾನೂ ನಿಮ್ಮ ಕಡೆಯವನೇ’ ಎಂಬ ಒಂದು ಮಾತು ಸಂತೆಯಲ್ಲಿಯೋ ರೈಲಿನಲ್ಲಿಯೋ ಕಿವಿಗೆ ಬಿದ್ದರೆ ನಮ್ಮ ಮನಸ್ಸು ಹೇಗೆ ಕರಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಚೀಟಿ, ನಿವೇಶನ, ನೌಕರಿ, ಮದುವೆಯ ಸಂಬಂಧ, ಎಲ್ಲವೂ ಈ ಮಾತಿನ ಬೆನ್ನಿಗೆ ಬರಬಹುದು. ಹಾಗೆಂದು ಆ ಮಾತಿಗೆ ಕಿವುಡಾದರೆ ಸಂಘವೇಕೆ, ಈ ಕೂಟವೇಕೆ? ಭಾಷೆಯನ್ನು ಕೇಳಿ ಊಟ ಹಾಕೋಣ, ಮಲಗಲು ಜಾಗ ಕೊಡೋಣ. ಹಣದ ಮಾತು ಬಂದಾಗ ಮಾತ್ರ ಕಾಗದ ಕೇಳೋಣ. ಹೀಗೆ ಕೇಳುವುದು ಅವಮಾನವಲ್ಲವೆಂಬ ರೂಢಿಯನ್ನು ಸಂಘವೇ ಹಾಕಿಕೊಡಬೇಕು. ಯಾರಾದರೂ ಸಂಘದ ಹೆಸರು ಹೇಳಿ ಹಣ ಕೇಳಿದರೆ ಅದು ಸಂಘದ ಪುಸ್ತಕದಲ್ಲಿ ದಾಖಲಾಗಿರಬೇಕು. ಆ ಪುಸ್ತಕ ಯಾವ ಸದಸ್ಯ ಕೇಳಿದರೂ ತೆರೆದಿರಬೇಕು.

ಇದಕ್ಕಿಂತ ಮುಖ್ಯವಾದ ಕೆಲಸ ಇನ್ನೊಂದಿದೆ. ಮೋಸಹೋದವನು ಬಾಯಿ ಬಿಡುವುದಿಲ್ಲ. ಓದಿದವನಾದರೆ ಇನ್ನೂ ಬಿಡುವುದಿಲ್ಲ. ಜನ ನಕ್ಕಾರು, ಮನೆಯವರು ಬೈದಾರು ಎಂಬ ನಾಚಿಕೆಯೇ ವಂಚಕನ ದೊಡ್ಡ ರಕ್ಷಣೆ. ಪರರಾಜ್ಯದಲ್ಲಿ ಠಾಣೆಯ ಮೆಟ್ಟಿಲು ಹತ್ತಲು ಹಿಂಜರಿಕೆ, ತೆಲುಗಿನಲ್ಲಿ ದೂರು ಬರೆಯಲು ಬಾರದೆಂಬ ಅಳುಕು ಬೇರೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ, ಅಪರಾಧ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಿಯೂ ದೂರು ಕೊಡಬಹುದು. ಹಣ ಆನ್‌ಲೈನಿನಲ್ಲಿ ಹೋದಾಗ 1930 ಎಂಬ ಸಂಖ್ಯೆಗೆ ಕೂಡಲೇ ಕರೆ ಮಾಡಿದರೆ ಅದು ಖಾತೆಯಿಂದ ಖಾತೆಗೆ ಜಾರುವ ಮುನ್ನ ತಡೆಯುವ ಸಾಧ್ಯತೆಯಿದೆ; ತಡವಾದಷ್ಟೂ ಆ ಸಾಧ್ಯತೆ ಕುಗ್ಗುತ್ತದೆ. ಆದುದರಿಂದ ನಮ್ಮ ಸಂಘಗಳು ರಾಜ್ಯೋತ್ಸವದ ಸಮಿತಿಯಂತೆಯೇ, ಮೋಸಹೋದವರೊಡನೆ ಠಾಣೆಗೆ ಹೋಗಿ ನಿಲ್ಲುವ, ದೂರನ್ನು ತೆಲುಗಿನಲ್ಲಿ ಬರೆದುಕೊಡುವ ಇಬ್ಬರು ಮೂವರ ಒಂದು ಸಮಿತಿಯನ್ನೂ ಮಾಡಿಕೊಳ್ಳಬೇಕೆಂದು ನನ್ನ ವಿನಂತಿ. ಅಂಥ ಸಮಿತಿಗೆ ಹಣ ಬೇಕಾಗಿಲ್ಲ. ಬೇಕಾದದ್ದು ನಗದಿರುವ ಸಭ್ಯತೆ, ನಾಲ್ಕು ಸಲ ಅಲೆಯುವ ತಾಳ್ಮೆ.

ತನಿಖೆಗಾರನ ಛಲವು ಅವನೊಬ್ಬನ ಗುಣದಿಂದಲೇ ಗೆಲ್ಲುವುದಿಲ್ಲ. ಯಾರೋ ಒಬ್ಬರು ಬಂದು ನನಗೆ ಮೋಸವಾಯಿತೆಂದು ಹೇಳಿದಾಗ ಅವನ ಕಡತದ ಮೊದಲ ಹಾಳೆ ತೆರೆಯುತ್ತದೆ. ಹಾಗೆ ಹೇಳುವವರು ಯಾರೂ ಇಲ್ಲದಿದ್ದರೆ ಯಮದಂಡನು ಬರಿಗೈಯಲ್ಲಿ ಅರಸನ ಮುಂದೆ ನಿಲ್ಲಬೇಕಾಗುತ್ತದೆ. ಆ ಮೊದಲ ಹಾಳೆಯನ್ನು ಬರೆಯಿಸುವ ಧೈರ್ಯವನ್ನು ಪರಸ್ಪರ ಕೊಟ್ಟುಕೊಳ್ಳುವುದು, ಒಂದೇ ಭಾಷೆಯವರೆಂದು ಒಟ್ಟುಗೂಡಿದ ನಮ್ಮ ಹೊಣೆ.